ಗಾಣದ ಸಂದಿಯಲ್ಲಿ ಎರಡು ಕಾರು

ನಮ್ಮೂರಿನಲ್ಲಿ ಗಾಲಿ ಹಿಂದಕ್ಕೆ ಉರುಳುವುದಿಲ್ಲ. ಕಾರಾಗಲಿ, ಸೈಕಲ್ಲಾಗಲಿ, ಬಾಳೆಹಣ್ಣಿನ ತಳ್ಳುಗಾಡಿಯಾಗಲಿ, ಗಡಿಕಲ್ಲು ದಾಟಿ ಒಳಗೆ ಬಂದಮೇಲೆ ಮುಂದಕ್ಕೇ ಹೋಗಬೇಕು. ಯಾವುದೋ ಕಾಲದಲ್ಲಿ ಹಟಮಾರಿಯೊಬ್ಬ ನಾಲ್ಕು ಜೊತೆ ಎತ್ತು ಕಟ್ಟಿ ಗಾಡಿಯನ್ನು ಹಿಂದಕ್ಕೆ ಎಳೆಸಿದನಂತೆ. ಗಾಡಿಯ ಮೂಕಿ ಕಿತ್ತು ಬಂತೇ ಹೊರತು ಗಾಲಿ ಅಲುಗಲಿಲ್ಲ. ಅಂದಿನಿಂದ ಯಾರೂ ಆ ಗೊಡವೆಗೆ ಹೋಗಿಲ್ಲ. ಕಾರು ಇಟ್ಟುಕೊಂಡವರ ಮನೆಗೆ ಮುಂದೊಂದು ಹಿಂದೊಂದು ದೊಡ್ಡ ಬಾಗಿಲಿರುತ್ತದೆ, ಅಷ್ಟೆ. ಮಾತಾಡುತ್ತಾ ನೆಂಟರ ಮನೆ ದಾಟಿ ಹತ್ತು ಗಜ ಮುಂದೆ ಹೋದವರು ಕೆರೆ ಏರಿ ಸುತ್ತಿ, ಸಂತೆಮಾಳ ಹಾದು, ಮತ್ತೆ ಅದೇ ಬೀದಿಗೆ ಬರುತ್ತಾರೆ. ಅಷ್ಟರಲ್ಲಿ ಕಾಫಿ ಆಗಿರುತ್ತದೆ. ಪರವೂರಿನಿಂದ ವರ್ಗವಾಗಿ ಬಂದ ನೌಕರರು ಮೊದಲ ವಾರ ರಿವರ್ಸ್ ಗೇರ್ ಹಾಕಿ ಹಾಕಿ ಬೆವರುತ್ತಾರೆ, ಎರಡನೆಯ ವಾರ ಕೆರೆ ಏರಿಯ ಗಾಳಿ ಬಹಳ ಚೆನ್ನಾಗಿದೆ ಎನ್ನಲು ಶುರುಮಾಡುತ್ತಾರೆ.

ತೊಂದರೆ ಇರುವುದು ಗಾಣದ ಸಂದಿಯಲ್ಲಿ. ಮೇಲ್ಪೇಟೆಗೂ ಕೆಳಪೇಟೆಗೂ ನಡುವೆ ಅದೊಂದೇ ದಾರಿ. ಅಗಲ ಒಂದು ಕಾರಿನಷ್ಟು, ಮೇಲೆ ಒಂದು ಗೇಣು. ಎರಡು ಪಕ್ಕದಲ್ಲೂ ಎತ್ತರದ ಕಲ್ಲುಗೋಡೆ, ನಡುವೆ ಒಂದು ತಿರುವು. ಹಾಗಾಗಿ ಈ ತುದಿಯಲ್ಲಿ ನಿಂತವರಿಗೆ ಆ ತುದಿ ಕಾಣುವುದಿಲ್ಲ. ಎರಡು ತುದಿಗೂ ಒಂದೊಂದು ಗಂಟೆ ತೂಗುಹಾಕಿದ್ದಾರೆ. ಗಂಟೆ ಹೊಡೆದು, ಸ್ವಲ್ಪ ಹೊತ್ತು ಕಿವಿಗೊಟ್ಟು ಕಾದು, ಆ ಕಡೆಯಿಂದ ಉತ್ತರ ಬರದಿದ್ದರೆ ಒಳಗೆ ನುಗ್ಗಬೇಕು. ಇಷ್ಟಾದರೂ ಆಗೊಮ್ಮೆ ಈಗೊಮ್ಮೆ ಎರಡು ಗಾಡಿಗಳು ಮೂತಿಗೆ ಮೂತಿ ಬರುತ್ತವೆ. ಆಗ ಊರು ಸೇರಿ ಎರಡನ್ನೂ ತೂಗಿ ನೋಡುತ್ತದೆ. ತಕ್ಕಡಿಯಲ್ಲಲ್ಲ, ಮಾತಿನಲ್ಲಿ. ಯಾವುದು ಕಡಿಮೆ ಎಂದು ತೀರ್ಮಾನವಾಗುತ್ತದೋ ಅದನ್ನು ಅಲ್ಲೇ ಬಿಚ್ಚಿ, ಬಿಡಿಬಿಡಿಯಾಗಿ ಹೊತ್ತು ಸಾಗಿಸಿ, ಅದು ಹೋಗಬೇಕಿದ್ದ ತುದಿಯಲ್ಲಿ ಮತ್ತೆ ಕೂಡಿಸಿಕೊಡಬೇಕು. ಸೈಕಲ್ಲು, ಸ್ಕೂಟರಾದರೆ ನಾಲ್ಕು ಜನ ಎತ್ತಿಕೊಂಡು ಹೋಗುತ್ತಾರೆ. ಕಾರು ಬಿಚ್ಚುವುದಾದರೆ ನನ್ನನ್ನು ಕರೆಯುತ್ತಾರೆ.

ನಾನು ಕೆಂಪಾಚಾರಿ. ಊರಿಗೆ ಇರುವ ಒಬ್ಬನೇ ಮೆಕ್ಯಾನಿಕ್. ನಮ್ಮ ತಾತನ ಕಾಲದಿಂದಲೂ ಅಂಗಡಿಯ ಮುಂದೆ ಒಂದು ಬೋರ್ಡಿದೆ: ‘ಬಿಚ್ಚಿದ್ದನ್ನು ಇದ್ದಂತೆಯೇ ಕೂಡಿಸಲಾಗುವುದು.’ ಅದು ಗಿರಾಕಿಗಳನ್ನು ಕರೆಯಲು ಬರೆಸಿದ ಮಾತಲ್ಲ, ಊರಿಗೆ ಕೊಟ್ಟ ಮಾತು. ಅದಕ್ಕೆ ತಪ್ಪಿದವನು ತನ್ನ ಸ್ಪಾನರ್ ಪೆಟ್ಟಿಗೆಯನ್ನು ಊರ ಯಜಮಾನರ ಮನೆಗೆ ಒಪ್ಪಿಸಿ ಕೈಕಟ್ಟಿ ಕೂರಬೇಕು. ಇನ್ನೊಂದು ಮಾತು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ನಮ್ಮೂರಿನಲ್ಲಿ ಕಾರಿನ ಬಾನೆಟ್ ಎತ್ತುವ ಹಕ್ಕು ಮೆಕ್ಯಾನಿಕ್‌ಗೆ ಮಾತ್ರ. ಮಾಲೀಕ ತಾನೇ ಎತ್ತಿ ಇಣುಕಿದರೆ, ನೆಂಟರ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ಮೂಸಿದಷ್ಟು ಅಸಭ್ಯ.

ಆ ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ನಾನು ಹಲ್ಲುಜ್ಜುತ್ತಿದ್ದಾಗ ಎರಡು ಗಂಟೆಗಳೂ ಒಟ್ಟಿಗೆ ಹೊಡೆದವು. ಒಂದರ ಸದ್ದು ಇನ್ನೊಂದರ ಮೇಲೆ ಕೂತಂತೆ, ಅಷ್ಟು ಸರಿಯಾಗಿ. ಮೇಲ್ಪೇಟೆಯ ತುದಿಯಲ್ಲಿ ಗಂಟೆ ಹೊಡೆದ ತಿರುಮಲಾಂಬ ಟೀಚರ್ ಆ ಕಡೆಯ ಸದ್ದನ್ನು ಮಾರ್ದನಿ ಎಂದುಕೊಂಡು ತಮ್ಮ ಆಸ್ಟಿನ್ ಕಾರನ್ನು ಒಳಗೆ ಬಿಟ್ಟರು. ಕೆಳಪೇಟೆಯ ತುದಿಯಲ್ಲಿ ಗಂಟೆ ಹೊಡೆದ ಸೋಡಾ ಸಾವ್ಕಾರ ಗುರುಸಿದ್ದಪ್ಪನವರೂ ಹಾಗೆಯೇ ಎಂದುಕೊಂಡು ತಮ್ಮ ಅಂಬಾಸಿಡರನ್ನು ಬಿಟ್ಟರು. ತಿರುವಿನಲ್ಲಿ ಎರಡು ಕಾರುಗಳ ಮೂತಿಯ ನಡುವೆ ಒಂದು ಮೊಳ ಉಳಿದಿತ್ತು. ಟವೆಲ್ ಹೆಗಲಿಗೆ ಹಾಕಿಕೊಂಡು ಓಡಿಹೋಗಿ ನೋಡಿದವನಿಗೆ ಬಾಯಿಯ ಹಲ್ಲುಪುಡಿ ಕಹಿಯಾಯಿತು. ಈ ಊರಿನಲ್ಲಿ ಯಾವ ಎರಡು ಗಾಡಿಗಳು ಎದುರಾಗಬಾರದೆಂದು ಇಪ್ಪತ್ತೆರಡು ವರ್ಷಗಳಿಂದ ದಿನಾ ಕೈಮುಗಿಯುತ್ತಿದ್ದೆನೋ ಅವೇ ಎದುರಾಗಿದ್ದವು.

ಆಸ್ಟಿನ್ ಮೂವತ್ತೆಂಟನೇ ಇಸವಿಯದು. ಟೀಚರಮ್ಮನ ತಂದೆ ಡಾಕ್ಟರ್ ಅಳಸಿಂಗ್ರಾಚಾರ್ಯರು ತಂದದ್ದು. ಕಪ್ಪು ಬಣ್ಣ, ಎರಡು ಪಕ್ಕದಲ್ಲೂ ಕಾಲಿಟ್ಟು ಹತ್ತಲು ಹಲಗೆ, ಹಳೇ ಕಾಲದ ಸೊಸೆಯ ಹಾಗೆ ತಲೆ ತಗ್ಗಿಸಿ ನಿಂತ ಮೂತಿ. ತಿರುಗುವಾಗ ಕಿಟಕಿಯ ಪಕ್ಕದ ಕಂಬದಿಂದ ಕೆಂಪು ದೀಪದ ಪುಟ್ಟ ಕೈಯೊಂದು ಹೊರಗೆ ಚಾಚುತ್ತದೆ. ಅದು ಕ್ಲಾಸಿನಲ್ಲಿ ‘ನಾನು ಹೇಳ್ತೀನಿ ಮೇಡಂ’ ಎಂದು ಎತ್ತಿದ ಕೈಯಂತಿರುವುದರಿಂದ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟ ಟೀಚರಮ್ಮನಿಗೆ ಬಹಳ ಅಚ್ಚುಮೆಚ್ಚು. ಅಂಬಾಸಿಡರ್ ಅರವತ್ತೆಂಟನೇ ಇಸವಿಯದು. ಹಾಲುಬಿಳುಪು, ಗುಂಡುಗುಂಡಗೆ, ಉಂಡು ಕೂತವರ ಮೈ. ಗೇರು ಸ್ಟೇರಿಂಗಿನ ಪಕ್ಕದಲ್ಲೇ. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚಾದ್ದರಿಂದ ಅಲ್ಲೇ ನಾಲ್ವರು, ಹಿಂದೆ ಆರು ಜನ, ಮಡಿಲಲ್ಲಿ ಕೂತವರ ಲೆಕ್ಕ ಬೇರೆ. ಆಸ್ಟಿನ್ ನಿಮ್ಮನ್ನು ಗೌರವದಿಂದ ಕೂರಿಸಿಕೊಳ್ಳುತ್ತದೆ, ಅಂಬಾಸಿಡರ್ ‘ಬನ್ನಿ, ಸ್ವಲ್ಪ ಸರ್ಕೊಳಿ’ ಎನ್ನುತ್ತದೆ. ನನಗೆ ಎರಡೂ ಇಷ್ಟ. ಯಾವುದು ಹೆಚ್ಚು ಎಂದು ಮಾತ್ರ ಕೇಳಬೇಡಿ. ಅವತ್ತು ಊರೆಲ್ಲ ಅದನ್ನೇ ಕೇಳಿತು.

ಮೊದಲು ಇಬ್ಬರೂ ಹೊರಗೆ ಬರಬೇಕಿತ್ತು. ಬಾಗಿಲು ತೆರೆದರೆ ಗೋಡೆ. ಆಸ್ಟಿನ್ನಿನ ನೆತ್ತಿಯ ಮೇಲೆ ಜಾರಿಸಿ ತೆಗೆಯುವ ಮುಚ್ಚಳವಿದೆ. ಟೀಚರಮ್ಮ ಅದನ್ನು ತೆಗೆದು ಸೀಟಿನ ಮೇಲೆ ನಿಂತು ಸೊಂಟದವರೆಗೆ ಮೇಲೆದ್ದರು. ಎಪ್ಪತ್ತೊಂದರ ವಯಸ್ಸಿನಲ್ಲೂ ಭಾಷಣಕ್ಕೆ ನಿಂತವರ ಗತ್ತು. ಗುರುಸಿದ್ದಪ್ಪನವರಿಗೆ ಅಂಥ ಅನುಕೂಲವಿರಲಿಲ್ಲ. ಹಿಂದಿನ ಸೀಟು ಕಿತ್ತು, ಡಿಕ್ಕಿಯೊಳಗೆ ತೆವಳಿ, ಖಾಲಿ ಸೋಡಾ ಬಾಟಲಿಗಳ ನಡುವಿನಿಂದ ಮದುವೆ ಸಾಮಾನು ಇಳಿಸಿದ ಹಾಗೆ ಅವರನ್ನು ಇಳಿಸಿಕೊಂಡೆವು.

ಅಷ್ಟರಲ್ಲಿ ಊರು ನೆರೆದಿತ್ತು. ಹಾಲಿನವರು, ಆಫೀಸಿಗೆ ಹೋಗುವವರು, ಹೂ ಮಾರುವವರು ಎಲ್ಲರೂ ಎರಡು ಕಾರುಗಳ ಮೇಲೆ ಹತ್ತಿ ಇಳಿದು ಓಡಾಡತೊಡಗಿದರು. ಯಾರೋ ಒಂದು ಬಾನೆಟ್ಟಿನಿಂದ ಇನ್ನೊಂದಕ್ಕೆ ಹಲಗೆ ಹಾಕಿದರು. ಇನ್ಯಾರೋ ಚಪ್ಪಲಿ ಬಿಟ್ಟು ಹತ್ತಬೇಕೆಂದು ನಿಯಮ ಮಾಡಿದರು. ತೂಗಿ ಹೇಳುವ ಯಜಮಾನರು ಪುಟ್ಟರಂಗಶೆಟ್ಟರು. ಅವರು ಮಡಿಸುವ ಕುರ್ಚಿಯೊಂದನ್ನು ತರಿಸಿ ಹಲಗೆಯ ಮೇಲೆಯೇ ಹಾಕಿಸಿಕೊಂಡು ಕೂತರು.

“ವಯಸ್ಸಲ್ಲಿ ಆಸ್ಟಿನ್ ಮೂವತ್ತು ವರ್ಷ ಹಿರಿಯದು. ಅದನ್ನ ಬಿಚ್ಚೋದು ಧರ್ಮ ಅಲ್ಲ,” ಎಂದು ಮೇಲ್ಪೇಟೆಯವರು ಶುರುಮಾಡಿದರು.

“ವಯಸ್ಸಾದ್ರೆ ಮನೇಲಿರ್ಬೇಕಪ್ಪ. ನಮ್ಮ ಅಂಬಾಸಿಡರ್ ಇವತ್ತಿಗೂ ದುಡೀತಿದೆ,” ಎಂದು ಕೆಳಪೇಟೆಯವರು.

“ಈ ಊರಿನ ಅರ್ಧ ಜನ ಹುಟ್ಟಿದ್ದೇ ಈ ಕಾರಿಂದ,” ಎಂದರು ಟೀಚರಮ್ಮ ನೆತ್ತಿಯಿಂದಲೇ. “ಅಪ್ಪ ಇದರಲ್ಲಿ ಹೋಗಿ ಹೆರಿಗೆ ಮಾಡಿಸಿಲ್ಲದ ಮನೆ ಯಾವುದಿದೆ ಹೇಳಿ. ಶೆಟ್ರೇ, ನೀವು ಕಾಲು ಮುಂದಾಗಿ ಬಂದವರು. ಈ ಕಾರು ಐದು ನಿಮಿಷ ತಡ ಮಾಡಿದ್ದಿದ್ರೆ ಇವತ್ತು ಈ ಕುರ್ಚಿ ಖಾಲಿ.”

ಶೆಟ್ಟರು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂತರು.

“ಅದೇ ಶೆಟ್ರು ಮದುವೆಯಾದದ್ದು ಯಾವ ಕಾರಲ್ಲಿ?” ಎಂದರು ಗುರುಸಿದ್ದಪ್ಪ. “ನಮ್ಮ ಅಂಬಾಸಿಡರಲ್ಲಿ. ನಾನೇ ಓಡಿಸ್ಕೊಂಡು ಬಂದೆ. ಹೇಳಿ ಯಜಮಾನ್ರೇ, ನಿಮಗೆ ಯಾವುದು ಚೆನ್ನಾಗಿ ನೆನಪಿದೆ?”

“ಹುಟ್ಟಿದ್ದು ಅಷ್ಟು ನೆನಪಿಲ್ಲ,” ಎಂದು ಶೆಟ್ಟರು ಒಪ್ಪಿಕೊಂಡರು. “ಮದುವೆ ಮರೆಯೋ ಹಾಗಿಲ್ಲ.” ಗುಂಪಿನಲ್ಲಿದ್ದ ಶೆಟ್ಟರ ಹೆಂಡತಿ ‘ಯಾಕೆ?’ ಎಂದು ಕೇಳಿದ್ದರಿಂದ ಆ ಮಾತು ಅಲ್ಲಿಗೇ ನಿಂತಿತು.

ಹೀಗೇ ಮಧ್ಯಾಹ್ನದವರೆಗೆ ನಡೆಯಿತು. ಹಾರ್ನ್ ಹೋಲಿಸಿದರು. ಆಸ್ಟಿನ್ನಿನದು ಬಾತುಕೋಳಿ, ಅಂಬಾಸಿಡರಿನದು ಎಮ್ಮೆ. ಸೀಟು ಹೋಲಿಸಿದರು, ಮೂರು ಮಂದಿ ಅಂಬಾಸಿಡರಿನ ಹಿಂದಿನ ಸೀಟನ್ನು ಪರೀಕ್ಷಿಸುತ್ತಲೇ ನಿದ್ದೆ ಹೋದರು. ಇದೆಲ್ಲ ಕೇಳಲು ಚೆನ್ನಾಗಿಯೇ ಇತ್ತು. ಆದರೆ ಮಾತು ಎಂಜಿನ್ನಿನ ಕಡೆ ತಿರುಗುತ್ತಿದ್ದಂತೆ ನನಗೆ ಬೆವರು ಕಿತ್ತುಕೊಂಡಿತು.

ಕಾರಣ ಹೇಳುತ್ತೇನೆ. ಇಪ್ಪತ್ತೆರಡು ವರ್ಷಗಳ ಹಿಂದೆ ಒಂದೇ ವಾರದಲ್ಲಿ ಈ ಎರಡು ಕಾರುಗಳೂ ಬೇರೆ ಬೇರೆ ದಿನ ಸಂದಿಯಲ್ಲಿ ಸೋತಿದ್ದವು. ಆಸ್ಟಿನ್ ನೀರಿನ ಪೀಪಾಯಿ ಗಾಡಿಯ ಎದುರು, ಅಂಬಾಸಿಡರ್ ಹಸಿ ಬಾಣಂತಿ ಕೂತಿದ್ದ ಎತ್ತಿನ ಗಾಡಿಯ ಎದುರು. ಮಳೆ ಹಿಡಿದಿದ್ದರಿಂದ ಸಂದಿಯ ತುದಿಯಲ್ಲಿ ಕೂಡಿಸಲಾಗದೆ ಎರಡೂ ಬಿಡಿಬಿಡಿಯಾಗಿ ನನ್ನ ಕೊಟ್ಟಿಗೆ ತುಂಬಿದ್ದವು. ಆ ವಾರ ನನಗೆ ದವಡೆಹಲ್ಲಿನ ನೋವು. ಕೆನ್ನೆಗೆ ಲವಂಗ ಒತ್ತಿ, ಟವೆಲನ್ನು ಗಲ್ಲದಿಂದ ನೆತ್ತಿಗೆ ಸುತ್ತಿ ಕಟ್ಟಿಕೊಂಡು, ಒಂದು ಕಣ್ಣು ಮುಚ್ಚಿ ಕೆಲಸ ಮಾಡಿದೆ. ಆಸ್ಟಿನ್ನಿಗೆ ಎಂಜಿನ್ ಕೂರಿಸುವಾಗ ಜಾಗ ಬಹಳ ಬಿಗಿಯಾಯಿತು, ಬಡಿದು ಕೂರಿಸಿದೆ. ಅಂಬಾಸಿಡರಿನಲ್ಲಿ ಸಡಿಲವಾಯಿತು, ಮರದ ತುಂಡು ಕೊಟ್ಟು ಭದ್ರ ಮಾಡಿದೆ. ಹಲ್ಲು ಕಿತ್ತಿಸಿಕೊಂಡ ಮರುದಿನ ತಲೆ ತಿಳಿಯಾದಾಗಲೇ ಗೊತ್ತಾದದ್ದು, ಆಸ್ಟಿನ್ನಿನ ಎಂಜಿನ್ನನ್ನು ಅಂಬಾಸಿಡರಿಗೂ ಅಂಬಾಸಿಡರಿನದನ್ನು ಆಸ್ಟಿನ್ನಿಗೂ ಹಾಕಿದ್ದೇನೆ ಎಂದು. ಬೆಚ್ಚಿಬಿದ್ದು ಹೇಳಲೆಂದು ಹೊರಟವನಿಗೆ ಬಾಗಿಲಲ್ಲೇ ಟೀಚರಮ್ಮ ಸಿಕ್ಕರು. ‘ಕೆಂಪಾಚಾರಿ, ಏನು ಮಾಯ ಮಾಡಿದೆಯಪ್ಪ! ಕಾರಿಗೆ ಮತ್ತೆ ಹರೆಯ ಬಂದಿದೆ’ ಎಂದು ಒಂದು ಸೇರು ಕೊಬ್ಬರಿ ಮಿಠಾಯಿ ಕೊಟ್ಟರು. ಮಧ್ಯಾಹ್ನ ಗುರುಸಿದ್ದಪ್ಪ ಬಂದರು. ‘ಈಗ ಎಷ್ಟು ಗಾಂಭೀರ್ಯದಿಂದ ಹೋಗುತ್ತೆ ಗೊತ್ತೇನಯ್ಯ, ದೇವರು ನಡೆದ ಹಾಗೆ’ ಎಂದು ಒಂದು ಕ್ರೇಟ್ ಸೋಡಾ ಇಳಿಸಿ ಹೋದರು. ಮಿಠಾಯಿ ತಿಂದು ಸೋಡಾ ಕುಡಿದು ಸುಮ್ಮನಾದೆ. ನನ್ನ ಹೆಂಡತಿ ಕಾಳಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ.

ಈಗ ಸಂದಿಯಲ್ಲಿ ಟೀಚರಮ್ಮ ಕೈ ಎತ್ತಿ ಹೇಳುತ್ತಿದ್ದರು: “ಕೋಟೆ ದಿಣ್ಣೆಯನ್ನ ನನ್ನ ಆಸ್ಟಿನ್ ಮೂರನೇ ಗೇರಲ್ಲಿ ಹತ್ತುತ್ತೆ. ಸಾವ್ಕಾರ್ರ ಕಾರು ಒಂದನೇ ಗೇರಲ್ಲೂ ಏದುಸಿರು ಬಿಡುತ್ತೆ. ಆ ಕಾಲದ ಎಂಜಿನ್ ಅಂದ್ರೆ ಎಂಜಿನ್!”

“ಹತ್ತೋದು ದೊಡ್ಡದಲ್ಲಮ್ಮ,” ಎಂದರು ಗುರುಸಿದ್ದಪ್ಪ. “ನಮ್ಮ ಕಾರೊಳಗೆ ತುಂಬಿದ ಲೋಟ ಇಡಿ, ಒಂದು ಹನಿ ಚೆಲ್ಲಲ್ಲ. ಹುಟ್ಟಿನಿಂದ ಬಂದ ಸಮಾಧಾನ ಅದು. ನಿಮ್ಮದು ಈ ವಯಸ್ಸಲ್ಲೂ ಯಾಕಮ್ಮ ಹಾಗೆ ಹಾರಾಡುತ್ತೆ?”

ಗುಂಪಿನಲ್ಲಿ ನಿಂತಿದ್ದ ಕಾಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಗುವೋ ಅಳುವೋ ತಿಳಿಯಲಿಲ್ಲ. ನಾನಂತೂ ನಗುವ ಸ್ಥಿತಿಯಲ್ಲಿರಲಿಲ್ಲ. ಬಿಚ್ಚುವಾಗ ಒಂದೊಂದು ಭಾಗವನ್ನೂ ಎತ್ತಿ ಹಿಡಿದು, ಹೆಸರು ಕೂಗಿ, ಸಾಲಾಗಿ ನಿಂತವರ ಕೈಗೆ ಕೊಡುವುದು ಪದ್ಧತಿ. ಎಂಜಿನ್ನಿನ ಮೈಮೇಲೆಯೇ ಅದರ ಕಂಪನಿಯ ಹೆಸರು ಎರಕ ಹೊಯ್ದಿರುತ್ತಾರೆ. ಯಾವ ಕಾರು ಬಿಚ್ಚಿದರೂ ನನ್ನ ಬಣ್ಣ ಬಯಲು. ಐವತ್ತೆಂಟು ವರ್ಷದ ಬಾಳಿನಲ್ಲಿ ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಸ್ಪಾನರ್ ಪೆಟ್ಟಿಗೆ ಹೋದರೆ ಈ ಎರಡು ಕೈಗಳನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯದು. ನಿಜವಾಗಿ ಹೆದರಿದ್ದೆ.

ನಾಲ್ಕು ಗಂಟೆಗೆ ಶೆಟ್ಟರು ಎದ್ದು ನಿಂತರು. “ಎರಡೂ ಊರಿಗೆ ಬೇಕಾದವೇ. ಆದ್ರೂ ಹಿರಿಯರಿಗೆ ಕಿರಿಯರು ದಾರಿ ಬಿಡ್ಬೇಕು. ಅಂಬಾಸಿಡರ್ ಬಿಚ್ಚಿ,” ಎಂದರು. ಮೇಲ್ಪೇಟೆಯವರು ಶಿಳ್ಳೆ ಹಾಕಿದರು. ಟೀಚರಮ್ಮ ‘ಸದ್ದು!’ ಎಂದು ಗದರಿದ್ದಕ್ಕೆ ಅರವತ್ತರ ಮುದುಕರೂ ಬಾಯಿ ಮುಚ್ಚಿಕೊಂಡರು.

ನಾನು ಸ್ಪಾನರ್ ಹಿಡಿದು ಅಂಬಾಸಿಡರಿನ ಬಾನೆಟ್ ಹತ್ತಿರ ಬಂದೆ. ಗುರುಸಿದ್ದಪ್ಪ ಪಕ್ಕದಲ್ಲೇ ನಿಂತು ಬಾನೆಟ್ ಸವರುತ್ತಿದ್ದರು. ಕಣ್ಣು ತುಂಬಿತ್ತು. ಮೆಲ್ಲಗೆ ಹೇಳಿದರು: “ಆಚಾರಿ, ಮಿಕ್ಕಿದ್ದನ್ನ ಯಾರಾದ್ರೂ ಹೊತ್ಕೊಳ್ಳಿ. ಎಂಜಿನ್ ಮಾತ್ರ ನನ್ನ ಕೈಗೇ ಕೊಡು. ನಮ್ಮ ಮನೆಯವಳು ತೀರಿಕೊಂಡಾಗಿನಿಂದ ಸಂಜೆ ಹೊತ್ತು ಇದರ ಜೊತೆಗೇ ನಾನು ಕೆರೆ ಏರಿ ಸುತ್ತೋದು. ಅವಸರ ಮಾಡದೆ ನನ್ನ ಜೊತೆ ನಡೀತಿತ್ತು ಕಣಯ್ಯ.”

ಇಪ್ಪತ್ತೆರಡು ವರ್ಷ ಕಟ್ಟಿಟ್ಟುಕೊಂಡಿದ್ದ ಬಾಯಿ ಆ ಮಾತಿಗೆ ತಡೆಯಲಿಲ್ಲ. “ಸಾವ್ಕಾರ್ರೇ, ಅದು ನಿಮ್ಮ ಎಂಜಿನ್ನಲ್ಲ,” ಎಂದುಬಿಟ್ಟೆ. ಆಮೇಲೆ ಹಲ್ಲುನೋವಿನಿಂದ ಹಿಡಿದು ಕೊಬ್ಬರಿ ಮಿಠಾಯಿಯವರೆಗೆ ಎಲ್ಲವನ್ನೂ ಊರೆದುರು ಹೇಳಿದೆ.

ಟೀಚರಮ್ಮನ ದನಿಯೇ ಮೊದಲು ಎದ್ದಿತು. “ಹಾಗಾದ್ರೆ ಕೋಟೆ ದಿಣ್ಣೆ ಹತ್ತಿದ್ದು?”

“ಸಾವ್ಕಾರ್ರ ಎಂಜಿನ್ನು, ಅಮ್ಮಾವ್ರೇ.”

“ಮತ್ತೆ ಆ ದೇವರ ನಡಿಗೆ?” ಎಂದರು ಗುರುಸಿದ್ದಪ್ಪ.

“ಡಾಕ್ಟರಪ್ಪನವರದು.”

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಇಪ್ಪತ್ತೆರಡು ವರ್ಷ ತಾವು ಹೊಗಳಿದ್ದು ಎದುರಿನವರ ವಸ್ತುವನ್ನು ಎಂದು ತಿಳಿದಾಗ ಮನುಷ್ಯನಿಗೆ ಬರುವ ಸಿಟ್ಟು ಬೇರೆಯೇ ಜಾತಿಯದು. ಅದನ್ನು ಎದುರಿನವರ ಮೇಲೆ ತೀರಿಸಿಕೊಳ್ಳಲಾಗುವುದಿಲ್ಲ. ನಾನು ನಡುವೆ ನಿಂತಿದ್ದೆನಲ್ಲ! “ಸ್ಪಾನರ್ ಕಿತ್ಕೊಳ್ಳಿ ಇವನ ಕೈಯಿಂದ!” ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ಊರು ಅವತ್ತೇ ಮೊದಲು ನೋಡಿದ್ದು.

ಶೆಟ್ಟರು ತೀರ್ಪು ತಿದ್ದಿದರು. ಯಾವುದು ಹಿರಿಯದು, ಯಾವುದು ಕಿರಿಯದು ಎಂದೇ ಈಗ ಹೇಳುವಂತಿಲ್ಲವಾದ್ದರಿಂದ ಎರಡನ್ನೂ ಬಿಚ್ಚಬೇಕು. ಅವರವರ ಎಂಜಿನ್ನನ್ನು ಅವರವರಿಗೆ ಹಾಕಿಕೊಟ್ಟು, ಆಮೇಲೆ ಕೆಂಪಾಚಾರಿ ಪೆಟ್ಟಿಗೆ ಒಪ್ಪಿಸಬೇಕು. ಹಾಗೆಯೇ ಆಯಿತು. ಆಸ್ಟಿನ್ನಿನ ಭಾಗಗಳನ್ನು ಹೊತ್ತು ಇಳಿಯುವವರೂ ಅಂಬಾಸಿಡರಿನ ಭಾಗಗಳನ್ನು ಹೊತ್ತು ಏರುವವರೂ ಸಂದಿಯಲ್ಲಿ ಎದುರುಬದುರಾಗಿ ಸಿಕ್ಕಿಕೊಂಡರು. ಮನುಷ್ಯರಿಗೆ ಹಿಂದೆ ಸರಿಯಲು ಬರುತ್ತದೆ, ಆದರೂ ಯಾರೂ ಸರಿಯಲಿಲ್ಲ. ಅಂತೂ ಮೂರನೆಯ ದಿನ ಎರಡು ಕಾರುಗಳೂ ತಮ್ಮ ತಮ್ಮ ಎಂಜಿನ್ನಿನೊಡನೆ ಹೊರಟವು. ನಾನು ಪೆಟ್ಟಿಗೆಯನ್ನು ಶೆಟ್ಟರ ಜಗಲಿಯ ಮೇಲಿಟ್ಟು ಹಿಂದಿರುಗಿ ನೋಡದೆ ಮನೆಗೆ ಬಂದೆ. ದಾರಿಯುದ್ದಕ್ಕೂ ಬಲಗೈ ಹಗುರವಾಗಿ ಮೇಲಕ್ಕೇ ಏಳುತ್ತಿತ್ತು.

ಒಂದು ವಾರ ಅವರೆಕಾಯಿ ಸುಲಿದೆ. ಮನೆಯಲ್ಲಿದ್ದ ಎಲ್ಲ ಡಬ್ಬಿಗಳ ಮುಚ್ಚಳಗಳನ್ನು ಬಿಗಿ ಮಾಡಿದೆ. ಕಾಳಮ್ಮನಿಗೆ ಉಪ್ಪಿನ ಡಬ್ಬಿ ತೆರೆಯಲಾಗದೆ ಎರಡು ದಿನ ಸಪ್ಪೆ ಸಾರು ಉಂಡೆವು. “ನೀವು ಹೀಗೆ ಮನೇಲಿ ಕೂತ್ರೆ ನಾನು ಸಂದೀಲಿ ಹೋಗಿ ನಿಂತ್ಕೋತೀನಿ,” ಎಂದಳು.

ಎಂಟನೆಯ ದಿನ ಗುರುಸಿದ್ದಪ್ಪ ಹಿತ್ತಲ ಬಾಗಿಲಿನಿಂದ ಬಂದರು. ಆ ಕಡೆ ಈ ಕಡೆ ನೋಡಿ, “ನೆಗೆಯುತ್ತೆ ಕಣಯ್ಯ,” ಎಂದರು. “ಕಾಲಿಟ್ರೆ ಸಾಕು, ಹಾರುತ್ತೆ. ಮೊನ್ನೆ ಬಾಟಲಿ ಎಲ್ಲ ಒಡೆದುಹೋದ್ವು. ಸಂಜೆ ಕೆರೆ ಏರಿ ಹತ್ತೋದ್ರೊಳಗೆ ಏರಿಯೇ ಮುಗಿದುಹೋಗುತ್ತೆ. ಯಾರ ಜೊತೆ ಮಾತಾಡ್ಲಿ ನಾನು?”

ಅವರು ಹೋದ ಅರ್ಧ ಗಂಟೆಗೆ ಅದೇ ಹಿತ್ತಲ ಬಾಗಿಲಲ್ಲಿ ಟೀಚರಮ್ಮ. “ಕೋಟೆ ದಿಣ್ಣೆ ಅರ್ಧಕ್ಕೆ ನಿಂತ್ಬಿಡುತ್ತೆ,” ಎಂದರು. “ಮುಂದಕ್ಕೆ ಹೋಗಲ್ಲ, ಹಿಂದಕ್ಕೆ ನಮ್ಮೂರಲ್ಲಿ ಬರಲ್ಲ. ನಿನ್ನೆ ಒಂದೂವರೆ ಗಂಟೆ ಅಲ್ಲೇ ಕೂತಿದ್ದೆ. ಹಳೇ ಶಿಷ್ಯರೆಲ್ಲ ಬಂದು ನಮಸ್ಕಾರ ಮಾಡಿ ಹೋದ್ರು. ಅಪ್ಪನ ಎಂಜಿನ್ನು, ನಿಜ. ಆದ್ರೆ ಅಪ್ಪ ಇಷ್ಟು ಕೆಮ್ತಾ ಇರ್ಲಿಲ್ಲ.”

“ಬದಲಾಯಿಸಿ ಕೊಡೋಣ ಅಂದ್ರೆ ಕೈಲಿ ಸ್ಪಾನರ್ ಇಲ್ಲವಲ್ಲ ಅಮ್ಮಾವ್ರೇ. ನೀವೇ ಕಿತ್ಕೊಳ್ಳಿ ಅಂದ್ರಿ.”

“ಊರೆದುರು ಅಂದದ್ದನ್ನ ಹೇಗಪ್ಪ ವಾಪಸ್ ತಗೊಳ್ಲಿ? ನಾನು ಟೀಚರ್!”

ಗುರುಸಿದ್ದಪ್ಪನವರೂ ‘ನಾನು ಸಾವ್ಕಾರ’ ಎಂದು ಇದನ್ನೇ ಹೇಳಿದ್ದರು. ಅವರಿಗೆ ಹೇಳಿದ್ದನ್ನೇ ಇವರಿಗೂ ಹೇಳಿದೆ: ಪೆಟ್ಟಿಗೆ ಶೆಟ್ಟರ ಮನೆಯಲ್ಲಿದೆ. ಸಂದಿಯಲ್ಲಿ ಎರಡು ಕಾರು ಎದುರಾದರೆ ಬಿಚ್ಚಲು ಊರಿಗೆ ನನ್ನನ್ನು ಬಿಟ್ಟು ಗತಿಯಿಲ್ಲ. ಅದು ಬಿಟ್ಟರೆ ಬೇರೆ ದಾರಿ ನನಗೆ ಕಾಣದು. ಬೇಜಾರಿಗೆ ಆಡಿದ ಮಾತು ಅದು. ಟೀಚರಮ್ಮ ಲೆಕ್ಕದ ಉತ್ತರ ಸಿಕ್ಕವರಂತೆ ‘ಹೂಂ’ ಎಂದು ಎದ್ದುಹೋದರು.

ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ಎರಡು ಗಂಟೆಗಳೂ ಒಟ್ಟಿಗೆ ಹೊಡೆದವು. ಒಂದರ ಮೇಲೊಂದು ಕೂತಂತೆ, ಅಷ್ಟು ಸರಿಯಾಗಿ. ಹತ್ತು ನಿಮಿಷಕ್ಕೆ ಪುಟ್ಟರಂಗಶೆಟ್ಟರು ನನ್ನ ಸ್ಪಾನರ್ ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಏದುಸಿರು ಬಿಡುತ್ತಾ ಬಾಗಿಲಿಗೆ ಬಂದರು. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ಓಡಿದೆ.

ಸಂದಿಯಲ್ಲಿ ಟೀಚರಮ್ಮ ಆಗಲೇ ನೆತ್ತಿಯಿಂದ ಎದ್ದು ನಿಂತಿದ್ದರು. ಗುರುಸಿದ್ದಪ್ಪ ಯಾರ ಸಹಾಯವೂ ಇಲ್ಲದೆ ಡಿಕ್ಕಿಯಿಂದ ಇಳಿಯುತ್ತಿದ್ದರು. ಬಾಟಲಿಗಳನ್ನು ಮೊದಲೇ ಮನೆಯಲ್ಲಿ ಬಿಟ್ಟು ಬಂದಿದ್ದರು.

“ಮಾರ್ದನಿ ಅಂದ್ಕೊಂಡೆ,” ಎಂದರು ಟೀಚರಮ್ಮ ಗೋಡೆ ನೋಡುತ್ತಾ.

“ನಾನೂ,” ಎಂದರು ಗುರುಸಿದ್ದಪ್ಪ ಆಕಾಶ ನೋಡುತ್ತಾ.

ಶೆಟ್ಟರು ಕುರ್ಚಿ ಹಾಕಿಸಿಕೊಂಡು ಕೂತು ಶಾಸ್ತ್ರಕ್ಕೆ ಕೇಳಿದರು, “ಇವೆರಡರಲ್ಲಿ ಯಾವುದು ಮೇಲು?”

“ಸಾವ್ಕಾರ್ರ ಕಾರೇ ಮೇಲು. ನಂದನ್ನ ಬಿಚ್ಚಿ.”

“ಎಲ್ಲಾದ್ರೂ ಉಂಟೇ! ಟೀಚರಮ್ಮನ ಕಾರಿನ ಮುಂದೆ ನಮ್ಮದು ಯಾವ ಲೆಕ್ಕ? ನಮ್ಮದನ್ನೇ ಬಿಚ್ಚಿ.”

ಹದಿನೈದು ನಿಮಿಷ ಇಬ್ಬರೂ ಎದುರಿನವರ ಕಾರನ್ನು ಬಾಯಿತುಂಬ ಹೊಗಳಿದರು. ಹಾರ್ನಂತೆ, ಸೀಟಂತೆ, ಕೈ ಎತ್ತುವ ದೀಪವಂತೆ. ಎಂಜಿನ್ನಿನ ಮಾತು ಮಾತ್ರ ಇಬ್ಬರ ಬಾಯಲ್ಲೂ ಬರಲಿಲ್ಲ. ಕಾಳಮ್ಮ ಈ ಸಲ ಸೆರಗು ಅಡ್ಡ ಹಿಡಿಯದೆಯೇ ನಗುತ್ತಿದ್ದಳು.

“ಎರಡನ್ನೂ ಬಿಚ್ಚಿ,” ಎಂದರು ಶೆಟ್ಟರು. ಕುರ್ಚಿಯಿಂದ ಇಳಿದು ನನ್ನ ಹತ್ತಿರ ಬಂದರು. ಪೆಟ್ಟಿಗೆಯಿಂದ ದೊಡ್ಡ ಸ್ಪಾನರನ್ನು ತೆಗೆದು ನನ್ನ ಕೈಗೆ ಕೊಡುತ್ತಾ, ಸಾಲಾಗಿ ನಿಂತವರಿಗೆಲ್ಲ ಕೇಳಿಸುವಂತೆ, “ಕೆಂಪಾಚಾರಿ, ಈ ಸಲವೂ ಹಲ್ಲು ನೋಯ್ತಾ ಇದೆಯೇನಯ್ಯ?” ಎಂದರು.

“ಬಹಳ ನೋಯ್ತಾ ಇದೆ ಯಜಮಾನ್ರೇ,” ಎಂದೆ. ಹೆಗಲ ಮೇಲಿದ್ದ ಟವೆಲ್ ತೆಗೆದು ಗಲ್ಲದಿಂದ ನೆತ್ತಿಗೆ ಸುತ್ತಿ ಭದ್ರವಾಗಿ ಕಟ್ಟಿಕೊಂಡು, ಒಂದು ಕಣ್ಣು ಮುಚ್ಚಿ, ಕೆಲಸಕ್ಕೆ ಕೂತೆ.